ಹಳದಿ ಅಲರ್ಟ್ ಇದ್ದಾಗ ಭತ್ತ ಹರಡಬಹುದಾ?

ಎರಡನೇ ಬೆಳೆ ಕಟಾವಿಗೆ ಬಂತು ಅಂದರೆ ಸಿಂಧನೂರು, ಮಾನ್ವಿ, ಕಾರಟಗಿ ಕಡೆ ಎಲ್ಲರ ಕಣ್ಣೂ ಮುಗಿಲ ಮೇಲೆ. ‘ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ’ ಅನ್ನೋದು ಮಳೆ ನಂಬಿ ಬಿತ್ತುವವರ ಮಾತು. ರಸ್ತೆ ಮೇಲೆ ಭತ್ತ ಹರಡಿಕೊಂಡು ಕೂತವರಿಗೆ ಏಪ್ರಿಲ್ ಕೊನೆಯ ಭರಣಿ ಬೇಡವೇ ಬೇಡ.

ಹವಾಮಾನ ಇಲಾಖೆಯವರು ಹಳದಿ ಅಲರ್ಟ್ (‘ಗಮನವಿರಲಿ’ ಅನ್ನುವ ಎಚ್ಚರಿಕೆ) ಕೊಟ್ಟರು, ಹನಿಯೂ ಬೀಳಲಿಲ್ಲ, ಎಲ್ಲಾ ಸುಳ್ಳು ಅಂತ ಬಯ್ಯುವವರು ಜಾಸ್ತಿ. ಆದರೆ ಅಲರ್ಟ್ ಇಡೀ ಜಿಲ್ಲೆಗೆ, ಗುಡುಗಿನ ಮೋಡದ ಅಗಲ 10-15 ಕಿಲೋಮೀಟರ್. ಲಿಂಗಸುಗೂರಿನಲ್ಲಿ ಹೊಡೆದು ದೇವದುರ್ಗ ಒಣಗಿದ್ದರೂ ಮುನ್ಸೂಚನೆ ಸರಿಯೇ, ಅಲ್ವಾ? ಇನ್ನೊಂದು, ಸಿರುಗುಪ್ಪದವರು ಹವಾಮಾನ ಇಲಾಖೆಯ ಪಟ್ಟಿಯಲ್ಲಿ ದಕ್ಷಿಣ ಒಳನಾಡು ನೋಡಬೇಕು, ಬಳ್ಳಾರಿ ಅಲ್ಲಿದೆ. ಹೊಳೆ ದಾಟಿದರೆ ಉತ್ತರ ಒಳನಾಡು!

ಬಿಸಿಲೊಂದನ್ನೇ ನೋಡಿ ಲೆಕ್ಕ ಹಾಕಬೇಡಿ, 40 ಡಿಗ್ರಿ ನಮಗೆ ದಿನಾ ಇದ್ದದ್ದೇ. ಗುಡುಗು ಮಳೆಗೆ ತೇವ ಬೇಕು. ಮಹಾರಾಷ್ಟ್ರದಿಂದ ಕರ್ನಾಟಕದ ಒಳನಾಡಿನ ಮೇಲೆ ತಮಿಳುನಾಡಿನ ತನಕ ಗಾಳಿಯ ದ್ರೋಣಿ (ಕಡಿಮೆ ಒತ್ತಡದ ಉದ್ದನೆಯ ಪಟ್ಟಿ) ಇದೆ ಅಂತ ವರದಿಯಲ್ಲಿದ್ದರೆ ಎಚ್ಚರ, ಸಮುದ್ರದ ತೇವ ಒಳಗೆ ಬರುವುದು ಹಾಗೆಯೇ. ಬೆಳಿಗ್ಗೆ ಡ್ಯೂ ಪಾಯಿಂಟ್ (ಗಾಳಿಯ ತೇವ ಇಬ್ಬನಿಯಾಗುವ ಉಷ್ಣಾಂಶ, ಇದು ಹೆಚ್ಚಿದ್ದಷ್ಟೂ ತೇವ ಹೆಚ್ಚು) 20 ಡಿಗ್ರಿ ದಾಟಿದ್ದರೆ ನಾನು ತಾಡಪತ್ರಿ ಹೊರಗೆ ತೆಗೆಯುತ್ತೇನೆ. ಮೇಲೆ ಬಿಸಿ ಒಣಗಾಳಿಯ ಪದರ ಇದ್ದರೆ ಅದು ಮುಚ್ಚಳದ ಹಾಗೆ ಮೋಡವನ್ನು ಮಧ್ಯಾಹ್ನದವರೆಗೆ ತಡೆಯುತ್ತದೆ, ಕೆಲವು ದಿನ ತೆರೆಯುವುದೇ ಇಲ್ಲ, ತೆರೆದ ದಿನ ಮಾತ್ರ ಒಂದೇ ತಾಸಿನಲ್ಲಿ ಮೋಡ ಆಕಾಶದೆತ್ತರ ಏಳುತ್ತದೆ.

ನಮ್ಮ ಕಡೆ ಮಳೆಗಿಂತ ಗಾಳಿಯದೇ ಕಾಟ. ಮೋಡದ ತಳ ಎತ್ತರ, ಕೆಳಗೆಲ್ಲಾ ಒಣ ಹವೆ. ಬೀಳುವ ಹನಿ ದಾರಿಯಲ್ಲೇ ಆರುತ್ತದೆ, ಅದರಿಂದ ಗಾಳಿ ತಣ್ಣಗಾಗಿ ಭಾರವಾಗಿ ನೆಲಕ್ಕೆ ಅಪ್ಪಳಿಸಿ ನಾಲ್ಕೂ ಕಡೆ ನುಗ್ಗುತ್ತದೆ. ಅದಕ್ಕೇ ನಾಲ್ಕು ಹನಿ ಬಿದ್ದ ದಿನವೂ ತಗಡು ಹಾರುತ್ತವೆ, ನಿಂತ ಭತ್ತ ಮಲಗುತ್ತದೆ. ಇದು ರೇಡಾರ್‌ಗೂ ಸರಿಯಾಗಿ ಸಿಗುವುದಿಲ್ಲ. ಹೈದರಾಬಾದಿನ ರೇಡಾರ್ ರಾಯಚೂರಿಗೆ ಸುಮಾರು 180 ಕಿಲೋಮೀಟರ್ ದೂರ. ಭೂಮಿ ದುಂಡಗಿರುವುದರಿಂದ ಅಷ್ಟು ದೂರಕ್ಕೆ ಅದರ ಕಿರಣ 3 ಕಿಲೋಮೀಟರಿಗೂ ಮೇಲೆ ಹಾದುಹೋಗುತ್ತದೆ, ನೆಲದ ಹತ್ತಿರದ ಗಾಳಿ ಅದಕ್ಕೆ ಕಾಣುವುದಿಲ್ಲ.

ಹಾಗಾಗಿ ಹಳದಿ ಇದ್ದರೆ ಮಧ್ಯಾಹ್ನದ ತನಕ ಹರಡಿ, ಆಮೇಲೆ ರಾಶಿ ಮಾಡಿ. ಇಲಾಖೆಯ 3 ತಾಸಿನ ಸೂಚನೆ ನೋಡುತ್ತಿರಿ. ದಾಮಿನಿ ಆ್ಯಪ್‌ನಲ್ಲಿ ಸುತ್ತಮುತ್ತ ಬಿದ್ದ ಸಿಡಿಲು ಕಾಣುತ್ತದೆ. ಗುಡುಗು ಕಿವಿಗೆ ಬಿತ್ತು ಅಂದರೆ ಭತ್ತ ಬಿಟ್ಟು ಮನೆಯೊಳಗೆ ಹೋಗಿ, ಬೇವಿನ ಮರದ ಕೆಳಗಲ್ಲ. ತಾಡಪತ್ರಿಯ ಅಂಚಿಗೆ ಕಲ್ಲು ಮೊದಲೇ ಹೇರಿಟ್ಟಿರಿ.