ಮರೆವಿನ ವಂಶವೃಕ್ಷದಲ್ಲಿ ಲಕ್ವಕ್ಕೂ ಜಾಗವಿರಲಿ

ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ನಾನು ಜೆನೆಟಿಕ್ ಕೌನ್ಸೆಲರ್. ಮರೆವಿನ ಕಾಯಿಲೆಯ ಹಿರಿಯರನ್ನು ಕರೆತರುವ ಮಕ್ಕಳು ಸಾಮಾನ್ಯವಾಗಿ ಕೇಳುವುದು ಇದನ್ನೇ: 'ಅಮ್ಮನಿಗೆ ಇರುವುದು ಅಲ್ಝೈಮರೋ, ರಕ್ತನಾಳದ ತೊಂದರೆಯಿಂದ ಬಂದ ಡಿಮೆನ್ಷಿಯಾವೋ ಮೇಡಂ? ನಮಗೂ ಬರುತ್ತದೆಯೇ?' ಮೊದಲನೆಯದಕ್ಕೆ 'ಎರಡೂ' ಎಂಬುದೇ ಎಷ್ಟೋ ಸಲ ಸರಿಯಾದ ಉತ್ತರ. ಇಳಿವಯಸ್ಸಿನ ಮಿದುಳಿನಲ್ಲಿ ಅಲ್ಝೈಮರ್‌ನ ಗುರುತಾದ ಅಮೈಲಾಯ್ಡ್ ಎಂಬ ಪ್ರೋಟೀನಿನ ಶೇಖರಣೆಯೂ ಹಾಳಾದ ಸಣ್ಣ ರಕ್ತನಾಳಗಳೂ ಜೊತೆಯಾಗಿಯೇ ಸಿಗುತ್ತವೆ.

ವಂಶವಾಹಿಗಳ ಲೆಕ್ಕದಲ್ಲೂ ಇವು ಪೂರ್ತಿ ಬೇರೆಯಲ್ಲ. 19ನೇ ವರ್ಣತಂತುವಿನಲ್ಲಿರುವ ಎಪಿಒಇ ವಂಶವಾಹಿಯ 'ಇ-4' ರೂಪಕ್ಕೂ ಅಲ್ಝೈಮರ್‌ಗೂ ನಂಟಿದೆ ಎಂದು ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು 1993ರಲ್ಲಿ ತೋರಿಸಿದರು. ಅದೇ ರೂಪ ಕೆಟ್ಟ ಕೊಲೆಸ್ಟರಾಲನ್ನು ಹೆಚ್ಚಿಸುತ್ತದೆ, ಮಿದುಳಿನ ರಕ್ತನಾಳಗಳ ಗೋಡೆಯಲ್ಲೂ ಅಮೈಲಾಯ್ಡ್ ಸೇರಲು ದಾರಿ ಮಾಡುತ್ತದೆ. 21ನೇ ವರ್ಣತಂತುವಿನ ಎಪಿಪಿ ವಂಶವಾಹಿ ಇನ್ನೂ ಸ್ಪಷ್ಟ ಉದಾಹರಣೆ. ಅದರಲ್ಲಿನ ಕೆಲವು ಬದಲಾವಣೆಗಳು ನಡುವಯಸ್ಸಿನಲ್ಲೇ ಅಲ್ಝೈಮರ್ ತರುತ್ತವೆ. ನೆದರ್ಲೆಂಡ್ಸ್‌ನ ಕಡಲತೀರದ ಕಾಟ್ವೈಕ್ ಊರಿನ ಕೆಲವು ಕುಟುಂಬಗಳಲ್ಲಿರುವ ಬದಲಾವಣೆಯಾದರೋ ರಕ್ತನಾಳಗಳನ್ನೇ ಹಿಡಿಯುತ್ತದೆ. ಐವತ್ತರ ಸುಮಾರಿಗೆ ಮಿದುಳಿನಲ್ಲಿ ರಕ್ತಸ್ರಾವ, ಜೊತೆಗೆ ಮರೆವು.

ಆದ್ದರಿಂದ ವಂಶವೃಕ್ಷ ಬರೆಯುವಾಗ ನಾನು ಮರೆವನ್ನಷ್ಟೇ ಕೇಳುವುದಿಲ್ಲ. ನಮ್ಮ ಮನೆಗಳಲ್ಲಿ ಲಕ್ವವನ್ನು ಬೇರೆಯೇ ಕಾಯಿಲೆ ಎಂದು ಎಣಿಸುವುದರಿಂದ ಕೇಳದಿದ್ದರೆ ಯಾರೂ ಹೇಳುವುದಿಲ್ಲ. ಅಜ್ಜನಿಗೆ ಲಕ್ವ ಹೊಡೆದಿತ್ತೇ, ಯಾವ ವಯಸ್ಸಿನಲ್ಲಿ? ಆಗ ಬಿ.ಪಿ. ಇತ್ತೇ? ಸೋದರತ್ತೆಗೆ ಕಣ್ಣ ಮುಂದೆ ಮಿಂಚು ಕಂಡು ಶುರುವಾಗುವ ಅರೆತಲೆನೋವು ಇತ್ತೇ? ಬಿ.ಪಿ. ಇಲ್ಲದೆಯೇ ನಲವತ್ತು, ಐವತ್ತರಲ್ಲಿ ಲಕ್ವ ತಲೆಮಾರಿನಿಂದ ತಲೆಮಾರಿಗೆ ಬಂದಿದ್ದರೆ ಕ್ಯಾಡಸಿಲ್ ಎಂಬ, ಮಿದುಳಿನ ಸಣ್ಣ ರಕ್ತನಾಳಗಳ ಆನುವಂಶಿಕ ಕಾಯಿಲೆ ನೆನಪಾಗಬೇಕು. 1996ರಲ್ಲಿ ಪತ್ತೆಯಾದ ಅದರ ಕಾರಣ ನಾಚ್-3 ವಂಶವಾಹಿ. ಅಮೈಲಾಯ್ಡ್‌ನ ಪಾತ್ರವೇ ಇಲ್ಲದೆ ಡಿಮೆನ್ಷಿಯಾ ತರುತ್ತದೆ. ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಸೋದರಮಾವನನ್ನು ಮದುವೆಯಾಗುವ ಪದ್ಧತಿ ಇರುವ ನಮ್ಮಲ್ಲಿ ತಂದೆ ತಾಯಿ ಇಬ್ಬರಿಂದಲೂ ದೋಷ ಬಂದಾಗ ಕಾಣಿಸುವ ಕ್ಯಾರಸಿಲ್ ಎಂಬ ಅದರ ವಿರಳ ಬಂಧುವನ್ನೂ ಮರೆಯಬಾರದು. ಎಳೆಯ ವಯಸ್ಸಿನಲ್ಲೇ ಕೂದಲು ಉದುರುವುದು, ಬೆನ್ನುನೋವು ಅದರ ಸುಳಿವುಗಳು.

ಖಾಸಗಿಯಾಗಿ ಪರೀಕ್ಷೆ ಮಾಡಿಸಿಕೊಂಡು, 'ಇ-4' ಬಂದ ವರದಿ ಹಿಡಿದು ಗಾಬರಿಯಿಂದ ಬರುವ ಯುವಕರಿಗೆ ನಾನು ಹೆಚ್ಚು ಸಮಯ ಕೊಡುತ್ತೇನೆ. ನಾಚ್-3 ದೋಷ ಕಾಯಿಲೆಯನ್ನು ನಿಶ್ಚಯಿಸುತ್ತದೆ, ಇ-4 ಹಾಗಲ್ಲ, ಅಪಾಯವನ್ನು ಹೆಚ್ಚಿಸುತ್ತದೆ ಅಷ್ಟೇ. ಇ-4 ಇದ್ದೂ ಮರೆವು ಬಾರದವರಿದ್ದಾರೆ, ಇಲ್ಲದೆಯೂ ಬಂದವರಿದ್ದಾರೆ. ಆದರೆ ಬಿ.ಪಿ., ಸಕ್ಕರೆ, ಸಿಗರೇಟು ಅವರ ಹತೋಟಿಯಲ್ಲಿವೆ. ರಕ್ತನಾಳಗಳನ್ನು ಕಾಪಾಡಿಕೊಂಡರೆ ಎರಡೂ ಬಗೆಯ ಮರೆವಿನ ಅಪಾಯ ತಗ್ಗುತ್ತದೆ.

ಅಮೆರಿಕ 2023ರಲ್ಲಿ ಪೂರ್ಣ ಅನುಮತಿ ಕೊಟ್ಟ ಲೆಕನೆಮ್ಯಾಬ್, ಮಿದುಳಿನ ಅಮೈಲಾಯ್ಡ್ ತೆಗೆಯುವ ಅಲ್ಝೈಮರ್‌ನ ಔಷಧ. ಇ-4ರ ಎರಡು ಪ್ರತಿ ಇರುವವರಿಗೆ ಅದರಿಂದ ಮಿದುಳು ಊದಿಕೊಳ್ಳುವ, ಅಲ್ಲಿ ರಕ್ತಸ್ರಾವವಾಗುವ ಅಪಾಯ ಹೆಚ್ಚು. ಹೀಗಾಗಿ ಈ ಔಷಧದ ಮಾತೆತ್ತುವ ಕುಟುಂಬಕ್ಕೆ ಎಪಿಒಇ ಪರೀಕ್ಷೆ ಏಕೆ ಬೇಕೆಂದು ವಿವರಿಸುತ್ತೇನೆ. ಹಳೆಯ ರಕ್ತಸ್ರಾವದ ಚುಕ್ಕೆಗಳಿವೆಯೇ ಎಂದು ಎಂಆರ್‌ಐ ವರದಿಯಲ್ಲಿ ಹುಡುಕಿದ ಮೇಲೆಯೇ ಮುಂದಿನ ಮಾತು.