ರಿಜಿಸ್ಟರ್ ಕೊಟ್ಟದ್ದು ನಾನೇ

ವ್ಯಸನಮುಕ್ತಿ ಕೇಂದ್ರದಲ್ಲಿ ಆಪ್ತಸಮಾಲೋಚಕಿಯಾಗಿ ನನಗಿದು ಹನ್ನೊಂದನೇ ವರ್ಷ. ನಾನು ಮಾಡಿದ ಒಂದು ತಪ್ಪಿನ ಬಗ್ಗೆ ಬರೆಯಬೇಕಿದೆ. ಸಂಬಂಧಪಟ್ಟವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರೊಂದು ಬೇಡ, ಉಳಿದದ್ದನ್ನು ಬರೆಯಿರಿ ಅಂದರು.

ಅವರು ನಮ್ಮಲ್ಲೇ ಚಿಕಿತ್ಸೆ ಪಡೆದು ಕುಡಿತ ಬಿಟ್ಟವರು. ಕುಡಿತ ಬಿಡುವವರು ಸುತ್ತ ಕೂತು ಸರದಿಯ ಮೇಲೆ ತಮ್ಮ ಮಾತು ಹೇಳಿಕೊಳ್ಳುವ ಗುರುವಾರದ ಮೀಟಿಂಗಿಗೆ ಅರ್ಧ ಗಂಟೆ ಮುಂಚೆಯೇ ಬಂದು ಕುರ್ಚಿಗಳನ್ನು ದುಂಡಗೆ ಜೋಡಿಸುತ್ತಿದ್ದರು. ಹೊಸದಾಗಿ ಬಂದವರಿಗೆ ಯಾವಾಗಲೂ ಬಾಗಿಲ ಪಕ್ಕದ ಕುರ್ಚಿ. ಯಾಕೆ ಅಂತ ಒಮ್ಮೆ ಕೇಳಿದೆ. "ಎದ್ದು ಹೋಗೋಕೆ ದಾರಿ ಇದೆ ಅಂತ ಗೊತ್ತಾದ್ರೆ ಮನುಷ್ಯ ಕೂರ್ತಾನೆ ಮೇಡಂ" ಅಂದರು. ನನ್ನ ಓದಿನಲ್ಲಿ ಇದು ಎಲ್ಲೂ ಸಿಕ್ಕಿರಲಿಲ್ಲ. ನಾನು ಗಂಟೆಗಟ್ಟಲೆ ಮಾತಾಡಿದರೂ ತಲೆ ಎತ್ತದವರು, ಅವರು "ನಾನೂ ಬಚ್ಚಲಲ್ಲಿ ಬಾಟ್ಲಿ ಇಡ್ತಿದ್ದೆ" ಅಂದ ಕೂಡಲೇ ಮುಖ ಎತ್ತಿ ನೋಡುತ್ತಿದ್ದರು.

ಇವರನ್ನು ಸಂಬಳ ಕೊಟ್ಟು ಪೀರ್ ವರ್ಕರ್ (ತಾವೇ ಚಟದಿಂದ ಹೊರಬಂದು ಅಂಥವರಿಗೆ ನೆರವಾಗುವ ಕೆಲಸಗಾರ) ಆಗಿ ಇಟ್ಟುಕೊಳ್ಳೋಣ ಎಂದು ಪಟ್ಟು ಹಿಡಿದವಳು ನಾನು. ಆಡಳಿತ ಮಂಡಳಿಯ ಮುಂದೆ 2020ರ ಕಾಕ್ರೇನ್ ವಿಮರ್ಶೆ, ಅಂದರೆ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ವರದಿ, ಇಟ್ಟೆ. 27 ಅಧ್ಯಯನ, ಹತ್ತು ಸಾವಿರಕ್ಕೂ ಹೆಚ್ಚು ಜನ. ರೋಗಿಗಳನ್ನು, ಕುಡಿತ ಬಿಡಲು ಕುಡುಕರೇ ಪರಸ್ಪರ ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಗುಂಪಿಗೆ ಕ್ರಮವಾಗಿ ಸೇರಿಸುವ ಚಿಕಿತ್ಸೆಯಲ್ಲಿ, ಕುಡಿತದಿಂದ ಪೂರ್ತಿ ದೂರ ಉಳಿಯುವವರು ಬೇರೆ ಚಿಕಿತ್ಸೆಗಳಿಗಿಂತ ಹೆಚ್ಚು ಎಂದು ಅದರಲ್ಲಿತ್ತು. ಒಪ್ಪಿದರು. ಆದರೆ ಆ ಲೆಕ್ಕ ಮೀಟಿಂಗಿಗೆ ಹೋಗುವವರದ್ದು, ಮೀಟಿಂಗನ್ನೇ ನೌಕರಿ ಮಾಡಿಕೊಂಡವರದ್ದಲ್ಲ. ಅದು ಆಗ ನನಗೆ ಹೊಳೆಯಲಿಲ್ಲ.

ಮೊದಲು ಕೋಣೆಯ ಬೀಗದ ಕೈ ಕೊಟ್ಟೆ. ಆಮೇಲೆ ಹಾಜರಿ ರಿಜಿಸ್ಟರ್. ಆಮೇಲೆ ರಾತ್ರಿ ಫೋನು. ಕೆಲಸ ಚೆನ್ನಾಗಿ ಮಾಡುವವರ ಮೇಲೆ ಇನ್ನಷ್ಟು ಹೇರುವುದು ಎಲ್ಲ ಕಚೇರಿಗಳಲ್ಲೂ ಇದ್ದದ್ದೇ, ಆದರೆ ನಮ್ಮ ಕೆಲಸದಲ್ಲಿ ಅದಕ್ಕೆ ತೆರಬೇಕಾದ ಬೆಲೆಯೇ ಬೇರೆ. ರಿಜಿಸ್ಟರ್ ತೊಡೆಯ ಮೇಲಿಟ್ಟುಕೊಂಡ ಅವರು ಸುತ್ತಿನಿಂದ ಒಂದು ಕುರ್ಚಿ ಹಿಂದೆ ಸರಿದು ಕೂರತೊಡಗಿದ್ದನ್ನು ನಾನು ನೋಡಿದ್ದೆ. ತಮ್ಮ ಸರದಿ ಬಂದಾಗ "ನಾನು ಚೆನ್ನಾಗಿದ್ದೀನಿ, ಮುಂದಿನವರು ಹೇಳಿ" ಅನ್ನುವುದನ್ನೂ ಕೇಳಿದ್ದೆ. ಅದನ್ನು ಜವಾಬ್ದಾರಿ ಅಂದುಕೊಂಡೆ.

ಕುಡಿತ ಬಿಟ್ಟು ಮೂರು ವರ್ಷ ನಾಲ್ಕು ತಿಂಗಳಾದ ಮೇಲೆ ಅವರು ಮತ್ತೆ ಕುಡಿದರು. ಸುದ್ದಿ ಕೇಳಿದಾಗ ನನ್ನ ಬಾಯಿಂದ ಬಂದ ಮೊದಲ ಮಾತು, "ಗುರುವಾರ ಯಾರು ನೋಡ್ಕೋತಾರೆ?" ಇದನ್ನು ಬರೆಯುವಾಗಲೂ ಕೈ ಹಿಂದೆಗೆಯುತ್ತದೆ.

ಹತ್ತೊಂಬತ್ತು ದಿನ ಅವರು ಇತ್ತ ಸುಳಿಯಲಿಲ್ಲ. ತಾವೇ ಎಷ್ಟೋ ಜನರನ್ನು ಬರಮಾಡಿಕೊಂಡ ಕೋಣೆಗೆ ಯಾವ ಮುಖ ಹೊತ್ತು ಬರುವುದು ಎಂಬ ಸಂಕಟ. ಕೊನೆಗೆ ಅವರ ಮನೆಗೆ ಹೋದದ್ದು, ಹಿಂದೆ ಅವರೇ ಮೀಟಿಂಗಿಗೆ ಕರೆತಂದಿದ್ದ ಒಬ್ಬ ಹುಡುಗ. "ಅಣ್ಣಾ, ಬಾಗಿಲ ಪಕ್ಕದ ಕುರ್ಚಿ ಖಾಲಿ ಇದೆ" ಅಂದನಂತೆ. ನೇರ ಮೀಟಿಂಗಿಗೆ ಮಾತ್ರ ಕರೆತರಲಿಲ್ಲ, ಮೊದಲು ವೈದ್ಯರ ಹತ್ತಿರ ಕರೆದುಕೊಂಡು ಹೋದ. ಅಷ್ಟು ದಿನ ಬಿಡದೆ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದೊಳಗೆ ಸನ್ನಿ ಹಿಡಿಯಬಹುದು, ಪ್ರಾಣವೂ ಹೋಗಬಹುದು. ಗುಂಪಿನ ಪ್ರೀತಿ ಎಷ್ಟೇ ಇರಲಿ, ಆ ನಾಲ್ಕು ದಿನ ಔಷಧಿಯದ್ದು. ಇದನ್ನು ಹುಡುಗನಿಗೆ ಕಲಿಸಿದ್ದವರೂ ಅವರೇ.

ಆಮೇಲೆ ನಾನು ಒಂದು ಹಳೆಯ ಪ್ರಸಂಗವನ್ನು ಮತ್ತೆ ಓದಿದೆ. 1935ರ ಮೇ ತಿಂಗಳು, ಅಮೆರಿಕದ ಆಕ್ರನ್ ಊರು. ಕುಡಿತ ಬಿಟ್ಟು ಐದು ತಿಂಗಳಾಗಿದ್ದ ಬಿಲ್ ವಿಲ್ಸನ್, ವ್ಯವಹಾರ ಕೈಕೊಟ್ಟು ಹೋಟೆಲಿನ ಹಜಾರದಲ್ಲಿ ಒಬ್ಬರೇ ನಿಂತಿದ್ದರು. ಒಂದು ಕಡೆ ಬಾರು, ಇನ್ನೊಂದು ಕಡೆ ಫೋನು. ಫೋನಿನ ಕಡೆ ನಡೆದರು. ಹುಡುಕಿದ್ದು ತಮ್ಮಂಥದೇ ಇನ್ನೊಬ್ಬ ಕುಡುಕರನ್ನು. ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್. ಹದಿನೈದು ನಿಮಿಷ ಅಂತ ಬಂದವರು ಗಂಟೆಗಟ್ಟಲೆ ಕೂತರು. ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿದ್ದು ಹೀಗೆ. ಇದನ್ನು ನಾನು ಬಾಬ್ ಕುಡಿತದಿಂದ ಉಳಿದ ಕಥೆ ಅಂತಲೇ ಹೇಳುತ್ತ ಬಂದಿದ್ದೆ. ಆದರೆ ಅವತ್ತು ಮಾತಾಡಿದ್ದರಿಂದ ಮೊದಲು ಉಳಿದವರು ಬಿಲ್. ನಮ್ಮವರಿಂದ ನಾನು ಕಿತ್ತುಕೊಂಡದ್ದು ಆ ಮಾತನ್ನೇ. ಆಲ್ಕೊಹಾಲಿಕ್ಸ್ ಅನಾನಿಮಸ್‌ನಲ್ಲಿ ಕುಡುಕನಿಗೆ ಕುಡುಕ ಮಾಡುವ ಸಹಾಯಕ್ಕೆ ಹಣ ಪಡೆಯಬಾರದೆಂಬ ಸಂಪ್ರದಾಯ ಇದೆ. ನಮ್ಮದು ಅವರ ಗುಂಪಲ್ಲ, ಸಂಬಳ ಕೊಡುವುದು ತಪ್ಪು ಅಂತಲೂ ನನಗೆ ಅನ್ನಿಸುವುದಿಲ್ಲ. ಆದರೆ ಸಂಬಳದ ಜೊತೆ ಏನೇನು ಹೇರುತ್ತೇವೆ ಎಂದು ನೋಡಬೇಕಿತ್ತು.

ಈಗ ರಿಜಿಸ್ಟರ್ ನನ್ನ ಹತ್ತಿರ ಇದೆ, ಬರೆಯುವುದು ಕೋಣೆಯ ಹೊರಗೆ. ರಾತ್ರಿ ಫೋನನ್ನು ನಾಲ್ವರು ಸರದಿಯ ಮೇಲೆ ನೋಡುತ್ತಾರೆ. ಪೀರ್ ವರ್ಕರ್ ಆಗಿ ಸೇರುವ ಪ್ರತಿಯೊಬ್ಬರಿಗೂ, ನಮ್ಮ ಕೇಂದ್ರಕ್ಕೆ ಸಂಬಂಧವೇ ಇಲ್ಲದ, ತಾವು ಯಾರಿಗೂ ಮೇಲಲ್ಲದ ಒಂದು ಗುಂಪು ಬೇರೆ ಕಡೆ ಇರಲೇಬೇಕು. ಅಲ್ಲಿಗೆ ಹೋಗುವ ಹೊತ್ತು ಕೆಲಸದ ಸಮಯದಲ್ಲೇ ಸೇರುತ್ತದೆ. ಇದಕ್ಕಾಗಿ ಆಡಳಿತ ಮಂಡಳಿಯ ಜೊತೆ ಮತ್ತೆ ಜಗಳವಾಡಿದೆ.

ಅವರು ಮರಳಿ ಬಂದ ದಿನ ಬಾಗಿಲ ಪಕ್ಕ ಕೂತರು. ಕೈ ಇನ್ನೂ ಸಣ್ಣಗೆ ನಡುಗುತ್ತಿತ್ತು. ಸರದಿ ಬಂದಾಗ "ಇವತ್ತಿಗೆ ಆರು ದಿನ" ಅಂದರು. ಯಾರೂ ಮುಂದಿನವರನ್ನು ಕರೆಯಲಿಲ್ಲ, ಅವರು ಇನ್ನೂ ಮಾತಾಡುವವರಿದ್ದರು. ಈಗ ಒಂಬತ್ತು ತಿಂಗಳಾಗಿದೆ. ಹೋದ ವಾರ ಬೀಗದ ಕೈ ಮತ್ತೆ ಕೇಳಿದ್ದಾರೆ. ಈ ಸಲ ಉತ್ತರ ನಾನು ಕೊಡುವುದಿಲ್ಲ, ಗುಂಪಿನವರನ್ನು ಕೇಳಿ ಅಂದಿದ್ದೇನೆ.