ಸ್ಮಿತ್‌ಗೆ ಬಾಲ್ ಹಾಕಿ ಅನ್ನೋರಿಗೂ, ಮಧ್ಯದಲ್ಲಿ ನುಗ್ಗಿ ಅನ್ನೋರಿಗೂ

ಅಮೆರಿಕದ ಓಹಾಯೋ ಸ್ಟೇಟ್ ಯೂನಿವರ್ಸಿಟಿಯ ಫುಟ್‌ಬಾಲ್ ವಿಷಯಕ್ಕೆ ಬಂದರೆ ಅದು ಇರುವ ಕೊಲಂಬಸ್ ಊರಲ್ಲಿ ಎರಡೇ ಪಕ್ಷ. ಒಂದು, "ಮಧ್ಯದಲ್ಲಿ ಗುದ್ದಾಡೋದು ಬಿಟ್ಟು ಜೆರಮೈಯಾ ಸ್ಮಿತ್‌ಗೆ ಬಾಲ್ ಹಾಕ್ರಪ್ಪಾ" ಅನ್ನುವ ಪಕ್ಷ. ಸ್ಮಿತ್ ಅಂದ್ರೆ ನಮ್ಮ ಸ್ಟಾರ್ ರಿಸೀವರ್, ಎಸೆದ ಬಾಲ್ ಹಿಡಿಯೋನು. ಇನ್ನೊಂದು, "ರನ್ ಮಾಡೋಕೆ ಬರದ ಟೀಮು ನವೆಂಬರ್ ದಾಟಲ್ಲ" ಅನ್ನುವ ಪಕ್ಷ. ಇಬ್ಬರೂ ನೋಡೋದು ಬಾಲ್ ಎಲ್ಲಿಗೆ ಹೋಯ್ತು ಅಂತ ಮಾತ್ರ. ಬಾಲ್ ಕೈ ಬಿಡುವ ಮುಂಚೆ ಮುಂದಿನ ಸಾಲಿನಲ್ಲಿ ಏನಾಯ್ತು ಅಂತ ಯಾರೂ ನೋಡಲ್ಲ. ನನ್ನ ತಕರಾರು ಇಷ್ಟೇ.

ಊರಿನಿಂದ ಓದುತ್ತಿರುವವರಿಗೆ ಎರಡು ಮಾತು. ಇದು ಮೆಸ್ಸಿ ಆಡೋ ಫುಟ್‌ಬಾಲ್ ಅಲ್ಲ, ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳ್ತಾರಲ್ಲ, ಅದು. ನಾಲ್ಕು ಅವಕಾಶದಲ್ಲಿ (ಒಂದೊಂದಕ್ಕೂ ಡೌನ್ ಅಂತಾರೆ) ಹತ್ತು ಯಾರ್ಡ್ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಸಿಗುತ್ತದೆ, ಇಲ್ಲದಿದ್ದರೆ ಬಾಲ್ ಎದುರಿನವರಿಗೆ. ಕ್ವಾರ್ಟರ್‌ಬ್ಯಾಕ್ ಬಾಲನ್ನು ಪಕ್ಕದವನ ಕೈಗೆ ಕೊಟ್ಟು ಓಡಿಸಿದರೆ ರನ್, ಎಸೆದರೆ ಪಾಸ್. ಅವನ ಮುಂದೆ ಐದು ಜನ ಬಗ್ಗಿ ನಿಂತಿರುತ್ತಾರೆ, ಒಬ್ಬೊಬ್ಬನೂ 300 ಪೌಂಡ್ ಆಸುಪಾಸು, ಅಂದರೆ 136 ಕಿಲೋ. ಇವರೇ ಅಫೆನ್ಸಿವ್ ಲೈನ್: ನಡುವೆ ಸೆಂಟರ್, ಅವನ ಅಕ್ಕಪಕ್ಕ ಗಾರ್ಡ್‌ಗಳು, ಎರಡು ತುದಿಗೆ ಟ್ಯಾಕಲ್‌ಗಳು. ಟಿವಿಯಲ್ಲಿ ಇವರ ಹೆಸರು ಕೇಳೋದು ಇವರು ತಪ್ಪು ಮಾಡಿದಾಗ ಮಾತ್ರ. ಕಾಲೇಜು ಹುಡುಗರ ಆಟ ತಾನೇ ಅಂತ ಹಗುರವಾಗಿ ತಗೋಬೇಡಿ. ನಮ್ಮ ಸ್ಟೇಡಿಯಂ 1922ರದ್ದು, ಕುದುರೆ ಲಾಳದ ಆಕಾರ, ಒಂದು ಲಕ್ಷಕ್ಕೂ ಜಾಸ್ತಿ ಜನ ಹಿಡಿಸುತ್ತಾರೆ. ಅದು ತುಂಬುತ್ತದೆ ಕೂಡ.

ನಮ್ಮ ಶನಿವಾರದ ಗುಂಪಿನಲ್ಲಿ ಪಾಸ್ ಪಕ್ಷಕ್ಕೆ ಲೀಡರ್ ಶಿವಮೊಗ್ಗ ಕಡೆಯ ಗೆಳೆಯ. ರನ್ ಪಕ್ಷಕ್ಕೆ ಪಕ್ಕದ ಮನೆಯ ಅಜ್ಜ, ಇಲ್ಲೇ ಹುಟ್ಟಿ ಬೆಳೆದವರು. ಅವರ ಮಟ್ಟಿಗೆ ವುಡಿ ಹೇಯ್ಸ್ ಆದ ಮೇಲೆ ಕೋಚ್ ಅಂತ ಯಾರೂ ಹುಟ್ಟಿಲ್ಲ. ಹೇಯ್ಸ್ 1951ರಿಂದ 1978ರವರೆಗೆ ಇಲ್ಲಿ ಕೋಚ್ ಆಗಿದ್ದರು. ಪಾಸ್ ಅಂದ್ರೆ ಅವರಿಗೆ ಆಗುತ್ತಿರಲಿಲ್ಲ. ಮೂರು ಯಾರ್ಡ್ ನುಗ್ಗು, ಧೂಳೆಬ್ಬಿಸು, ಎದ್ದು ಮತ್ತೆ ಮೂರು ಯಾರ್ಡ್ ನುಗ್ಗು. ಅಜ್ಜನಿಗೆ ಇವತ್ತಿಗೂ ಅದೇ ಫುಟ್‌ಬಾಲ್. ಮಿಕ್ಕಿದ್ದೆಲ್ಲ ಶೋಕಿ.

ಈ ಜಗಳಕ್ಕೆ ತುಪ್ಪ ಸುರಿದದ್ದು 2024ರ ನವೆಂಬರ್ 30. ಮಿಷಿಗನ್ ಮ್ಯಾಚ್. ಅವರಿಗೆ ಆ ವರ್ಷ ಪಾಸ್ ಮಾಡೋಕೇ ಬರುತ್ತಿರಲಿಲ್ಲ, ಒಳ್ಳೊಳ್ಳೆಯ ಆಟಗಾರರು ಹೊರಗಿದ್ದರು, ನಾವು ಮೂರು ಟಚ್‌ಡೌನ್ (ಬಾಲನ್ನು ಎದುರಿನವರ ಕೊನೆಯ ಗೆರೆ ದಾಟಿಸೋದು) ಅಂತರದಲ್ಲಿ ಗೆಲ್ಲುತ್ತೇವೆ ಅಂತ ಎಲ್ಲರ ಲೆಕ್ಕ. 13-10ಕ್ಕೆ ಸೋತೆವು, ನಮ್ಮ ಮನೆಯಲ್ಲೇ. ನಾವು 26 ಸಲ ಓಡಿ ಗಳಿಸಿದ್ದು 77 ಯಾರ್ಡ್. ಮಿಷಿಗನ್ ಸಾಲಿನ ನಡುವೆ ಮೇಸನ್ ಗ್ರಹಾಂ ಮತ್ತು ಕೆನೆತ್ ಗ್ರಾಂಟ್ ಇದ್ದರು. ಅವರಿಬ್ಬರ ನಡುವೆ ತೂರಿಕೊಂಡು ಹೋಗೋಕೆ ಅವತ್ತು ಯಾರಿಗೂ ಆಗುತ್ತಿರಲಿಲ್ಲ. ನಾವು ಮತ್ತೆ ಮತ್ತೆ ಅಲ್ಲಿಗೇ ಹೋದೆವು! ಆಚೆ ಕಡೆ ಜೆರಮೈಯಾ ಸ್ಮಿತ್ ಸುಮ್ನೆ ಓಡಿಕೊಂಡಿದ್ದ. ಆಗ ಅವನು ಮೊದಲ ವರ್ಷದ ಹುಡುಗ, ದೇಶದಲ್ಲೇ ಅವನಂಥ ರಿಸೀವರ್ ಇಲ್ಲ ಅಂತ ಆಗಲೇ ಎಲ್ಲರಿಗೂ ಗೊತ್ತಿತ್ತು.

"ಲೇ, ಇವನನ್ನ ಇಟ್ಕೊಂಡು ಯಾವನಾದ್ರೂ ಗೋಡೆಗೆ ತಲೆ ಚಚ್ಕೊಳ್ತಾನೇನೋ" ಅಂತ ಗೆಳೆಯ ಅವತ್ತು ಕೂಗಿದ್ದು ಬೀದಿಗೆಲ್ಲ ಕೇಳಿಸಿರಬೇಕು. ಕೋಚ್ ರಯಾನ್ ಡೇ ಅವರನ್ನು ತೆಗೀಬೇಕು ಅನ್ನುವ ಕೂಗು ಅರ್ಧ ಊರಲ್ಲಿ ಎದ್ದಿತ್ತು.

ಮಿಷಿಗನ್ ಅಂದ್ರೆ ಇಲ್ಲಿ ಅಷ್ಟು ಸೀರಿಯಸ್. ಆ ವಾರ ಕ್ಯಾಂಪಸ್‌ನಲ್ಲಿ ಬೋರ್ಡುಗಳ ಮೇಲಿರುವ ಎಮ್ ಅಕ್ಷರದ ಮೇಲೆಲ್ಲ ಕೆಂಪು ಟೇಪ್ ಕತ್ತರಿ ಆಕಾರದಲ್ಲಿ ಅಂಟಿಸುತ್ತಾರೆ. ಮಿಷಿಗನ್ ಸೋಲಿಸಿದ ವರ್ಷ ಆಟಗಾರರಿಗೆ ಪುಟ್ಟದೊಂದು ಚಿನ್ನದ ಚಡ್ಡಿ ಕೊಡುತ್ತಾರೆ. ತಮಾಷೆ ಅಲ್ಲ, ಚಡ್ಡಿಯೇ. ಬೆರಳಿನ ಉಗುರಷ್ಟು ದೊಡ್ಡ ಪದಕ. 1934ರಲ್ಲಿ ಬಂದ ಕೋಚ್ ಫ್ರಾನ್ಸಿಸ್ ಶ್ಮಿಟ್, ಮಿಷಿಗನ್‌ನವರೂ ನಮ್ಮ ಹಾಗೇ ಒಂದೊಂದೇ ಕಾಲು ತೂರಿಸಿ ಪ್ಯಾಂಟ್ ಹಾಕೋದು ಕಣ್ರೋ ಅಂದರಂತೆ, ಅಲ್ಲಿಂದ ಶುರು. ಹಾಗಾಗಿ 2024ರ ಹುಡುಗರ ಹತ್ತಿರ ದೇಶದ ಚಾಂಪಿಯನ್ ಉಂಗುರ ಇದೆ, ಆ ವರ್ಷದ ಚಡ್ಡಿ ಇಲ್ಲ.

ಹೌದು, ಅದೇ ಟೀಮು ಮುಂದೆ ಚಾಂಪಿಯನ್ ಆಯ್ತು! ಪಾಸ್ ಪಕ್ಷದವರು ಎದೆ ತಟ್ಟಿಕೊಂಡು ಹೇಳೋದು ಈ ಕಥೆಯನ್ನೇ. ಆ ವರ್ಷದಿಂದ ಪ್ಲೇಆಫ್‌ಗೆ ಹನ್ನೆರಡು ಟೀಮು, ಹಾಗಾಗಿ ನಮಗೆ ಇನ್ನೊಂದು ಜೀವ ಸಿಕ್ಕಿತು. ಟೆನೆಸ್ಸಿ ಎದುರು ಬಾಲ್ ಸಿಕ್ಕ ಮೊದಲ ಸಲವೇ ಸ್ಮಿತ್‌ಗೆ ಟಚ್‌ಡೌನ್ ಪಾಸ್. 42-17. ಅಕ್ಟೋಬರ್‌ನಲ್ಲಿ ನಮ್ಮನ್ನು ಒಂದೇ ಪಾಯಿಂಟಿನಲ್ಲಿ ಸೋಲಿಸಿದ್ದ ಆರೆಗನ್ ಎದುರು, ರೋಸ್ ಬೌಲ್ ಅನ್ನುವ ಕ್ವಾರ್ಟರ್‌ಫೈನಲ್‌ನಲ್ಲಿ, ಮತ್ತೆ ಬಾಲ್ ಸಿಕ್ಕ ಮೊದಲ ಸಲವೇ ಸ್ಮಿತ್‌ಗೆ 45 ಯಾರ್ಡ್ ಟಚ್‌ಡೌನ್. ನೋಡ್ತಾ ನೋಡ್ತಾ 34-0, ಕೊನೆಗೆ 41-21. 2025ರ ಜನವರಿ 20ಕ್ಕೆ ಅಟ್ಲಾಂಟಾದಲ್ಲಿ ನೋಟರ್ ಡೇಮ್ ಎದುರು ಫೈನಲ್. 31-7 ಇದ್ದದ್ದು 31-23ಕ್ಕೆ ಬಂತು, ಎದೆ ಡವಡವ. ಥರ್ಡ್ ಡೌನ್, 11 ಯಾರ್ಡ್ ಬೇಕು. ಸಾಮಾನ್ಯವಾಗಿ ಇಂಥ ಹೊತ್ತಲ್ಲಿ ಟೈಮ್ ಕಳೆಯೋಕೆ ಓಡಿಸುತ್ತಾರೆ. ನಮ್ಮ ಕ್ವಾರ್ಟರ್‌ಬ್ಯಾಕ್ ವಿಲ್ ಹವರ್ಡ್ ಎತ್ತಿ ಎಸೆದ, ಸ್ಮಿತ್ 56 ಯಾರ್ಡ್ ತಗೊಂಡು ಹೋದ. 34-23.

ಇದರಿಂದ "ಸ್ಮಿತ್‌ಗೆ ಬಾಲ್ ಹಾಕಿದ್ರೆ ಆಯ್ತು" ಅನ್ನೋ ತೀರ್ಮಾನಕ್ಕೆ ಬರೋರು ನಡುವೆ ಇದ್ದ ಟೆಕ್ಸಸ್ ಮ್ಯಾಚನ್ನು ಮರೆತುಬಿಡುತ್ತಾರೆ. ಕಾಟನ್ ಬೌಲ್, ಸೆಮಿಫೈನಲ್. ಟೆಕ್ಸಸ್‌ನವರು ಸ್ಮಿತ್‌ನನ್ನು ಕಟ್ಟಿಹಾಕಿದರು. ಅವನು ಅವತ್ತು ಹಿಡಿದದ್ದು ಒಂದೇ ಬಾಲ್, 3 ಯಾರ್ಡ್. ಆದರೂ 28-14ಕ್ಕೆ ಗೆದ್ದೆವು. ಹೇಗೆ? ಅರ್ಧ ಆಟ ಮುಗಿಯೋ ಹೊತ್ತಿಗೆ ಟೆಕ್ಸಸ್‌ನವರು ಹುಚ್ಚರ ಹಾಗೆ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿದರು. ನಮ್ಮ ಲೈನಿನವರು ಅವರನ್ನು ತಡೆದ ಹಾಗೆ ಮಾಡಿ ಬಿಟ್ಟುಬಿಟ್ಟರು, ಎದ್ದು ಮುಂದಕ್ಕೆ ಓಡಿದರು. ನುಗ್ಗಿ ಬಂದವರ ತಲೆ ಮೇಲಿಂದ ಹವರ್ಡ್ ಚಿಕ್ಕದಾಗಿ ನಮ್ಮ ರನ್ನಿಂಗ್ ಬ್ಯಾಕ್ (ಬಾಲ್ ಹಿಡಿದು ಓಡುವವನು) ಟ್ರೆವೇಯಾನ್ ಹೆಂಡರ್ಸನ್‌ಗೆ ಎಸೆದ. ಆ ದಢೂತಿ ಹುಡುಗರು ಅವನ ಮುಂದೆ ದಾರಿ ಮಾಡಿಕೊಂಡು ಓಡಿದ್ದನ್ನು ಈಗಲೂ ಯಾವಾಗಲಾದರೂ ಹಾಕಿಕೊಂಡು ನೋಡುತ್ತೇನೆ. 75 ಯಾರ್ಡ್, ಟಚ್‌ಡೌನ್. ಅದನ್ನು ರನ್ ಅಂತೀರೋ ಪಾಸ್ ಅಂತೀರೋ, ನೀವೇ ಹೇಳಿ.

ಆ ವರ್ಷದ ಲೈನಿನ ಕಥೆ ಗೊತ್ತಿಲ್ಲದೆ ಪ್ಲೇ ಕಾಲ್ (ಕೋಚ್ ರನ್ ಮಾಡಿಸ್ತಾರೋ ಪಾಸ್ ಮಾಡಿಸ್ತಾರೋ) ಬಗ್ಗೆ ಮಾತಾಡೋದೇ ತಪ್ಪು. ಲೆಫ್ಟ್ ಟ್ಯಾಕಲ್ ಜಾಶ್ ಸಿಮನ್ಸ್ ಅಕ್ಟೋಬರ್‌ನಲ್ಲಿ ಆರೆಗನ್ ಮ್ಯಾಚ್‌ನಲ್ಲಿ ಮಂಡಿಗೆ ಪೆಟ್ಟು ಮಾಡಿಕೊಂಡ. ಸೆಂಟರ್ ಸೆಥ್ ಮೆಕ್‌ಲಾಫ್ಲಿನ್‌ಗೆ ನವೆಂಬರ್‌ನಲ್ಲಿ ಹಿಮ್ಮಡಿ ಮೇಲಿನ ಸ್ನಾಯುರಜ್ಜು ಹರಿಯಿತು. ಆ ವರ್ಷ ದೇಶದ ಅತ್ಯುತ್ತಮ ಸೆಂಟರ್ ಪ್ರಶಸ್ತಿ ಅವನಿಗೇ ಬಂತು ಅಂದ್ರೆ ಎಂಥವನನ್ನು ಕಳಕೊಂಡೆವು ಅಂತ ಲೆಕ್ಕ ಹಾಕಿ. ಗಾರ್ಡ್ ಆಗಿದ್ದ ಡೊನೊವನ್ ಜ್ಯಾಕ್ಸನ್‌ನನ್ನು ಟ್ಯಾಕಲ್ ಜಾಗಕ್ಕೆ ತಳ್ಳಿದರು. ಹೀಗೆ ತೇಪೆ ಹಾಕಿದ ಲೈನನ್ನು ಗ್ರಹಾಂ, ಗ್ರಾಂಟ್ ಎದುರು ನಿಲ್ಲಿಸಿ "ನುಗ್ಗಿ" ಅಂದರೆ ಎಲ್ಲಿಗೆ ನುಗ್ಗೋದು? ಪ್ಲೇಆಫ್‌ನಲ್ಲೂ ಲೈನಿನಲ್ಲಿದ್ದವರು ಹೆಚ್ಚುಕಡಿಮೆ ಅವರೇ. ಬದಲಾದದ್ದು ಅವರ ಕೈಲಿ ಏನು ಆಗುತ್ತೋ ಅದನ್ನು ನೋಡಿ ಪ್ಲಾನ್ ಮಾಡಿದ್ದು. ಮೊದಲೇ ಬೇಗ ಬೇಗ ಎಸೆದು ಎದುರಿನವರನ್ನು ಹಿಂದಕ್ಕೆ ಸರಿಸಿದರು, ಆಮೇಲೆ ರನ್ ತಾನಾಗೇ ಬಂತು. ಫೈನಲ್‌ನಲ್ಲಿ ಕ್ವಿನ್‌ಶಾನ್ ಜಡ್ಕಿನ್ಸ್ 70 ಯಾರ್ಡ್ ಓಡಿದ್ದು ಹಾಗೆ.

ಸರಿ, 2025ಕ್ಕೆ ಬರೋಣ. ಹೊಸ ಕ್ವಾರ್ಟರ್‌ಬ್ಯಾಕ್ ಜೂಲಿಯನ್ ಸೇಯಿನ್. ಎಸೆದ ನಾಲ್ಕು ಬಾಲಿನಲ್ಲಿ ಮೂರಕ್ಕಿಂತ ಜಾಸ್ತಿ ಸರಿಯಾದ ಕೈ ಸೇರುತ್ತಿತ್ತು, ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿಗೆ ಫೈನಲಿಸ್ಟ್ ಕೂಡ ಆದ. ಮೊದಲ ಮ್ಯಾಚ್ ಟೆಕ್ಸಸ್ ಎದುರು 14-7. ಮಿಷಿಗನ್‌ನವರ ಊರು ಆನ್ ಆರ್ಬರ್‌ಗೇ ಹೋಗಿ ಅವರಿಗೆ 27-9. 2019ರ ನಂತರ ಅವರ ಮೇಲೆ ಮೊದಲ ಗೆಲುವು. ಪಕ್ಕದ ಮನೆ ಅಜ್ಜ ಅವತ್ತು ಬಾಗಿಲು ತಟ್ಟಿ ಕೈ ಕುಲುಕಿ ಏನೂ ಮಾತಾಡದೆ ವಾಪಸ್ ಹೋದರು. 12-0.

ಆಮೇಲೆ ಇಂಡಿಯಾನಾ. ಸೇಯಿನ್‌ನನ್ನು ಐದು ಸಲ ಕೆಡವಿದರು. ಮೂರನೇ ಕ್ವಾರ್ಟರ್‌ನಲ್ಲಿ ಅವರ 5 ಯಾರ್ಡ್ ಗೆರೆ ಹತ್ತಿರ ಫೋರ್ತ್ ಡೌನ್, ಒಂದೇ ಯಾರ್ಡ್ ಬೇಕು. ಸೇಯಿನ್ ತಾನೇ ಬಾಲ್ ಹಿಡಿದು ಮಧ್ಯಕ್ಕೆ ನುಗ್ಗಿದ. ಮೊದಲು ಅಂಪೈರ್ ಕೊಟ್ಟರು, ರೀಪ್ಲೇ ನೋಡಿ ಕಿತ್ತುಕೊಂಡರು. ಕೊನೆಯಲ್ಲಿ ಹತ್ತಿರದ ಫೀಲ್ಡ್ ಗೋಲ್ (ಬಾಲನ್ನು ಕಂಬಗಳ ನಡುವೆ ಒದೆಯೋದು) ಕೂಡ ತಪ್ಪಿತು, 13-10ಕ್ಕೆ ಸೋತೆವು. ಎಲ್ಲರಿಗೂ ನೆನಪಿರೋದು ಆ ಒದೆತ. ನನಗೆ ನೆನಪಿರೋದು ಆ ಒಂದು ಯಾರ್ಡ್. ಒಂದು ಯಾರ್ಡ್ ತಳ್ಳೋಕೆ ಆಗದ ಲೈನು ಇಟ್ಟುಕೊಂಡು ರನ್ನೋ ಪಾಸೋ ಅಂತ ಕಿತ್ತಾಡೋದು, ಒಲೆಯೇ ಹತ್ತದೆ ಒಗ್ಗರಣೆಗೆ ಇಂಗು ಹಾಕಬೇಕಾ ಬೇಡವಾ ಅಂತ ಜಗಳ ಆಡಿದ ಹಾಗೆ.

ಡಿಸೆಂಬರ್ 31ಕ್ಕೆ ಮಯಾಮಿ ಎದುರು ಮತ್ತದೇ. ರೂಬೆನ್ ಬೇನ್, ಅಕೀಮ್ ಮೆಸಿಡೋರ್ ಎರಡೂ ಕಡೆಯಿಂದ ಬಂದರು, ಸೇಯಿನ್ ಮತ್ತೆ ಐದು ಸಲ ಬಿದ್ದ. ಅವಸರದಲ್ಲಿ ಎಸೆದ ಒಂದು ಚಿಕ್ಕ ಪಾಸನ್ನು ಅವರು ಹಿಡಿದು 72 ಯಾರ್ಡ್ ಓಡಿ ಟಚ್‌ಡೌನ್ ಮಾಡಿದರು. ಪಾಸ್ ಪಕ್ಷದವರೇ, ಕೇಳಿಸಿಕೊಳ್ಳಿ. ಅವತ್ತು ಸ್ಮಿತ್ ನೂರೈವತ್ತಕ್ಕೂ ಜಾಸ್ತಿ ಯಾರ್ಡ್ ಹಿಡಿದ. ಆದರೂ 24-14ಕ್ಕೆ ಸೋತೆವು.

ಈಗ, 2026ಕ್ಕೆ, ಹೊಸ ಅಫೆನ್ಸಿವ್ ಕೋಆರ್ಡಿನೇಟರ್ (ಬಾಲ್ ನಮ್ಮ ಕೈಲಿದ್ದಾಗಿನ ಆಟ ನೋಡಿಕೊಳ್ಳುವ ಕೋಚ್) ಆರ್ಥರ್ ಸ್ಮಿತ್ ಬಂದಿದ್ದಾರೆ, ವೃತ್ತಿಪರರ ಲೀಗ್ ಎನ್‌ಎಫ್‌ಎಲ್‌ನಿಂದ. ಹೆಸರು ಕೇಳಿದ ತಕ್ಷಣ ಅಜ್ಜ ಖುಷಿಯಾದರು, ಗೆಳೆಯ ತಲೆ ಮೇಲೆ ಕೈ ಹೊತ್ತುಕೊಂಡ. ಯಾಕಂದ್ರೆ ಇವರು ಟೆನೆಸ್ಸಿ ಟೈಟನ್ಸ್‌ನಲ್ಲಿ ಕೋಆರ್ಡಿನೇಟರ್ ಆಗಿದ್ದ 2020ರಲ್ಲಿ ಡೆರಿಕ್ ಹೆನ್ರಿ 2,027 ಯಾರ್ಡ್ ಓಡಿದ್ದ. ರನ್ ಮೇಲೆ ಪ್ರೀತಿ ಇರುವ ಮನುಷ್ಯ. "ಮತ್ತೆ ವುಡಿ ಹೇಯ್ಸ್ ಕಾಲಕ್ಕೆ ಹೋಗ್ತಿದೀವಿ ನೋಡು" ಅನ್ನೋದು ಗೆಳೆಯನ ಗೋಳು.

ನನಗೆ ಹಾಗನ್ನಿಸಲ್ಲ. ಆರ್ಥರ್ ಸ್ಮಿತ್ ಆಟದಲ್ಲಿ ಟೈಟ್ ಎಂಡ್‌ಗಳು ಜಾಸ್ತಿ. ಅಂದರೆ ಐದು ಜನರ ಪಕ್ಕ ಇನ್ನೊಬ್ಬ, ಕೆಲವು ಸಲ ಇಬ್ಬರು ದೊಡ್ಡ ಆಳು. ರನ್ ಅಂತ ನಂಬಿಸಿ ಎಸೆಯೋದೂ ಅವರ ಪದ್ಧತಿಯೇ, ಮತ್ತು ಹಾಗೆ ಎದುರಿನವರು ಅರ್ಧ ಸೆಕೆಂಡ್ ತಡವರಿಸಿದರೂ ಸಾಕು, ಸೇಯಿನ್ ಕೈಯಿಂದ ಬಾಲ್ ಹೋಗಿರುತ್ತದೆ. ಡಿಸೆಂಬರ್‌ನ ಎರಡೂ ಸೋಲಿನಲ್ಲಿ ನಮಗೆ ಇಲ್ಲದೇ ಹೋದದ್ದು ಆ ಅರ್ಧ ಸೆಕೆಂಡೇ ಅಲ್ವಾ? ನನಗಿರೋ ಭಯ ಬೇರೆ. ಕಾಲೇಜು ಹುಡುಗರಿಗೆ ಪ್ರಾಕ್ಟೀಸಿಗೆ ಸಿಗೋ ಹೊತ್ತು ಕಡಿಮೆ. ಎನ್‌ಎಫ್‌ಎಲ್‌ನಲ್ಲಿ ಇಡೀ ದಿನ ಅದೇ ಕೆಲಸ. ಅಲ್ಲಿಯ ದಪ್ಪ ಪ್ಲೇ ಪುಸ್ತಕ ಇಲ್ಲಿ ಹಾಗೇ ತಂದಿಟ್ಟರೆ ಸೆಪ್ಟೆಂಬರ್ ಕಷ್ಟ.

ಸೆಪ್ಟೆಂಬರ್‌ನಲ್ಲೇ ಟೆಕ್ಸಸ್ ಇದೆ, ಈ ಸಲ ಅವರ ಊರು ಆಸ್ಟಿನ್‌ನಲ್ಲಿ. ಹೋದ ವರ್ಷ ಅವರನ್ನು ತಡೆದ ಡಿಫೆನ್ಸಿನಲ್ಲಿ ಕೇಲೆಬ್ ಡೌನ್ಸ್ ಥರದ ದೊಡ್ಡ ಹೆಸರುಗಳು ಎನ್‌ಎಫ್‌ಎಲ್‌ಗೆ ಹೋಗಿಬಿಟ್ಟಿವೆ. ಹಾಗಾಗಿ 14 ಪಾಯಿಂಟಿಗೆ ಮ್ಯಾಚ್ ಗೆಲ್ಲೋ ಐಷಾರಾಮ ಈ ವರ್ಷ ಇಲ್ಲ. ಮಿಷಿಗನ್‌ಗೂ ಹೊಸ ಕೋಚ್, ಯೂಟಾದಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ಇದ್ದ ಕೈಲ್ ವಿಟಿಂಗ್‌ಹ್ಯಾಮ್. ಗಟ್ಟಿ ಲೈನ್ ಕಟ್ಟೋದರಲ್ಲಿ ಹೆಸರು ಮಾಡಿದವರು, ಹಗುರವಾಗಿ ತಗೊಳ್ಳೋ ಹಾಗಿಲ್ಲ. ನಮ್ಮ ಕಡೆ ಸೇಯಿನ್ ಇದ್ದಾನೆ, ಹೋದ ವರ್ಷ ಬಂದ ಕೂಡಲೇ ಮಿಂಚಿದ ರನ್ನಿಂಗ್ ಬ್ಯಾಕ್ ಬೋ ಜ್ಯಾಕ್ಸನ್ ಇದ್ದಾನೆ. ಜೆರಮೈಯಾ ಸ್ಮಿತ್‌ಗೆ ಇದು ಮೂರನೇ ವರ್ಷ. ಹೈಸ್ಕೂಲ್ ಮುಗಿಸಿ ಮೂರು ವರ್ಷ ಆಗದೆ ಎನ್‌ಎಫ್‌ಎಲ್‌ಗೆ ಹೋಗೋ ಹಾಗಿಲ್ಲ, ಅದಕ್ಕೇ ಇನ್ನೂ ಇಲ್ಲಿದ್ದಾನೆ, ಮುಂದಿನ ವರ್ಷ ಹಾರಿಬಿಡುತ್ತಾನೆ. "ಈ ಸಲ ಕಪ್ ನಮ್ದೇ" ಅಂತ ಹದಿನೆಂಟು ವರ್ಷ ಹೇಳಿ ಅಭ್ಯಾಸ ಆದವನು ನಾನು, ಆದರೂ ಇಲ್ಲಿ ಸ್ವಲ್ಪ ಹಿಡಿದೇ ಮಾತಾಡುತ್ತೇನೆ.

ಆಸ್ಟಿನ್‌ನ ಮೊದಲ ಕ್ವಾರ್ಟರ್‌ನಲ್ಲಿ ಬಾಲನ್ನು ಬಿಟ್ಟು ನಮ್ಮ ಲೆಫ್ಟ್ ಟ್ಯಾಕಲ್ ಕಾಲು ನೋಡಿ. ಸ್ನ್ಯಾಪ್ ಆದ ಮೇಲೆ, ಅಂದರೆ ಸೆಂಟರ್ ಬಾಲನ್ನು ಹಿಂದಕ್ಕೆ ಕೊಟ್ಟ ಮೇಲೆ, ಅವನ ಹಿಂದಿನ ಕಾಲು ನಿಧಾನಕ್ಕೆ ಜಾರುತ್ತಾ ಹೋದರೆ ನಾವು ಚೆನ್ನಾಗಿದ್ದೇವೆ. ಸರ್ರಂತ ತಿರುಗಿ ಓಡೋಕೆ ಶುರು ಮಾಡಿದರೆ ಅವನು ಆಗಲೇ ಸೋತಿದ್ದಾನೆ, ಕೋಚ್ ಯಾವ ಪ್ಲೇ ಕರೆದಿದ್ದರೂ ಅಷ್ಟೇ.

ನನ್ನ ಲೆಕ್ಕ 11-1. ಸೋಲು ಆಸ್ಟಿನ್‌ನಲ್ಲಿ, ಮಿಷಿಗನ್ ಎದುರು ಮನೆಯಲ್ಲಿ ಗೆಲುವು, ಪ್ಲೇಆಫ್‌ಗೆ ಸಲೀಸಾಗಿ ಹೋಗುತ್ತೇವೆ. ಗೆಳೆಯ 12-0 ಅಂದಿದ್ದಾನೆ. ಅಜ್ಜ ನಂಬರ್ ಹೇಳಲ್ಲ, ರನ್ ಎಷ್ಟು ಯಾರ್ಡ್ ಬರುತ್ತೆ ಅಂತ ನೋಡಿ ಹೇಳ್ತೀನಿ ಅಂತಾರೆ. ಸೋತವರು ಮಿಷಿಗನ್ ಮ್ಯಾಚ್ ದಿನ ಇಡೀ ಗುಂಪಿಗೆ ಮಂಡಕ್ಕಿ ಉಸುಲಿ, ಮಿರ್ಚಿ ಮಾಡಬೇಕು ಅಂತ ಮಾತಾಗಿದೆ. ನಿಮ್ಮ ನಂಬರ್ ಎಷ್ಟು ಅಂತ ಕೆಳಗೆ ಬರೆಯಿರಿ, ಆದರೆ "ಸ್ಮಿತ್‌ಗೆ ಬಾಲ್ ಹಾಕಿ" ಅಂತ ಮಾತ್ರ ಬರೀಬೇಡಿ.